ಯುದ್ಧ ನಡೆದ ಸರ್ವೆ ನಂಬರುಗಳ ಭೂಪರಿವರ್ತನೆ: ಒಂದು ಬಹಿರಂಗ ಪತ್ರ

ಸ್ಥಳ: ಕೆಂಚಾರ್ಲಹಳ್ಳಿ, ಚಿಂತಾಮಣಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ

ಇವರಿಗೆ: ನಂದಿಬೆಟ್ಟದ ನೋಟವನ್ನು ಚದರಡಿ ಲೆಕ್ಕದಲ್ಲಿ ಮಾರುವ ಸಮಸ್ತ ಬಡಾವಣೆದಾರರಿಗೆ

ವಿಷಯ: ಯುದ್ಧ ನಡೆದ ಜಮೀನನ್ನು ವಸತಿ ಉದ್ದೇಶಕ್ಕೆ ಪರಿವರ್ತಿಸುವ ಬಗ್ಗೆ

ಉಲ್ಲೇಖ: 1791ರ ಅಕ್ಟೋಬರ್ 19ರ ನಂದಿದುರ್ಗದ ಲಗ್ಗೆ

ಮಾನ್ಯರೇ,

ಚಿಕ್ಕಬಳ್ಳಾಪುರ ಸೀಮೆಯ ಬೆಟ್ಟಗಳ ಮೇಲೆ ಹೊರಗಿನವರ ಕಣ್ಣು ಬಿದ್ದದ್ದು ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲಲ್ಲ. ಮೂರನೇ ಮೈಸೂರು ಯುದ್ಧದಲ್ಲಿ, 1791ರ ಮಾರ್ಚ್ 21ರಂದು ಟಿಪ್ಪುವಿನಿಂದ ಬೆಂಗಳೂರು ಕೋಟೆ ಹಿಡಿದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ನ ಸೈನ್ಯ ಅದೇ ವರ್ಷ ಇತ್ತ ತಿರುಗಿತು. ಮೇಜರ್ ಗೌಡಿಯ ತುಕಡಿ ಚಿಂತಾಮಣಿ ಕಡೆಯ ರಹಮಾನ್‌ಗಡವನ್ನು ಹಿಡಿಯಿತು. ಅಂಬಾಜಿದುರ್ಗ ಕಾದಾಡದೆ ಶರಣಾಯಿತು. ಉಳಿದದ್ದು ನಂದಿದುರ್ಗ.

ನಂದಿಯ ಮುತ್ತಿಗೆಯನ್ನು ಈ ಭಾಗದ ಮೊದಲ ದೊಡ್ಡ ಕಾಮಗಾರಿ ಎನ್ನಲು ಅಡ್ಡಿಯಿಲ್ಲ. ಕಡಿದಾದ ಇಳಿಜಾರಿನಲ್ಲಿ ದಾರಿ ಕಡಿದು, ಆನೆಗಳ ಬಲದಿಂದ ಫಿರಂಗಿಗಳನ್ನು ಮೇಲೇರಿಸಲಾಯಿತು. ಸುಮಾರು ಮೂರು ವಾರದ ನಂತರ ಗೋಡೆ ಎರಡು ಕಡೆ ಒಡೆಯಿತು. ಜನರಲ್ ಮೆಡೋಸ್ ಮುಂದೆ ನಿಂತು ರಾತ್ರಿ ಲಗ್ಗೆ ಹಾಕಿಸಿದ. ಟಿಪ್ಪುವಿನ ಕಿಲ್ಲೇದಾರ ಲುತ್ಫ್ ಅಲಿ ಬೇಗನ ಸೈನಿಕರು ಮೇಲಿನಿಂದ ಬಂಡೆಗಳನ್ನು ಉರುಳಿಸಿದರು. ಹತ್ತುವವರಲ್ಲಿ ಬಹುಪಾಲು ಜನಕ್ಕೆ ಪೆಟ್ಟು ಬಿದ್ದದ್ದು ಅವುಗಳಿಂದಲೇ. ದಾರಿಯಲ್ಲಿ ಮದ್ದು ಹೂತಿದ್ದಾರೆಂಬ ಗುಸುಗುಸು ಹಬ್ಬಿದಾಗ, ಇಲ್ಲಿ ಹೂತದ್ದೇನಾದರೂ ಇದ್ದರೆ ಅದು ಚಿನ್ನವೇ ಇರಬೇಕೆಂದು ಮೆಡೋಸ್ ಸೈನಿಕರನ್ನು ಹುರಿದುಂಬಿಸಿದನಂತೆ. ಈ ನೆಲದ ಬೆಲೆಯನ್ನು ಸರಿಯಾಗಿ ಅಂದಾಜಿಸಿದ ಮೊದಲ ವ್ಯಕ್ತಿ ಎಂಬ ಗೌರವ ಅವನಿಗೇ ಸಲ್ಲಬೇಕು. ಆನೆಗಳ ಕೆಲಸ ಈಗ ಜೆಸಿಬಿಗಳ ಪಾಲಾಗಿದೆ. ಬೆಟ್ಟದ ರೋಪ್‌ವೇಗೆ 2023ರಲ್ಲಿ ಶಂಕುಸ್ಥಾಪನೆಯೂ ಆಗಿದೆ. ಮೂರು ವಾರದ ಏರಿಕೆ ಇನ್ನು ನಿಮಿಷಗಳ ಮಾತು.

ಬಡಾವಣೆದಾರರು ಕಾನೂನಿಗೆ ಅಂಜಬೇಕಾದ ಪ್ರಮೇಯವೂ ಹೆಚ್ಚಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎನ್ನುತ್ತದೆ 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ. ಅಳತೆ ಶುರುವಾಗುವುದು ಕಟ್ಟಡದಿಂದ ಅಥವಾ ಗುರುತಿಸಿದ ನಿವೇಶನದಿಂದ. ಯುದ್ಧಭೂಮಿ ಎಂಬ ಪ್ರತ್ಯೇಕ ವರ್ಗ ಕಾಯ್ದೆಯಲ್ಲಿಲ್ಲ. ಸೈನ್ಯ ಬೀಡುಬಿಟ್ಟ ಬಯಲು, ಫಿರಂಗಿ ನಿಲ್ಲಿಸಿದ ದಿಬ್ಬ, ಹೆಣ ಹೂತ ಹೊಲ ಇವುಗಳಿಗೆ ಗೋಡೆಯಿಲ್ಲ. ಗೋಡೆಯಿಲ್ಲದ ಕಡೆ ಟೇಪು ಹಿಡಿಯುವುದು ಕಷ್ಟ. ಗೋಡೆ ಇದ್ದರೂ ಎದೆಗುಂದಬೇಕಿಲ್ಲ. ಬೆಂಗಳೂರು ಕೋಟೆಯಲ್ಲಿ ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತದರ ಆಸುಪಾಸು ಮಾತ್ರ. 1791ರಲ್ಲಿ ಸತ್ತ ಬ್ರಿಟಿಷರ ಹೆಸರಿನ ಸ್ಮಾರಕಸ್ತಂಭವನ್ನು 1964ರಲ್ಲಿ ಕೆಡವಲಾಯಿತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನಮನೆ ಜೋಡಿ ರೈಲುಹಳಿಗೆ ಅಡ್ಡ ಬಂದಾಗ, 2017ರಲ್ಲಿ ಅದನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಡಲಾಯಿತು.

ಪಹಣಿಯಂತೂ ಸಂಪೂರ್ಣ ಅನುಕೂಲಕರ. ಅದರಲ್ಲಿ ಸರ್ವೆ ನಂಬರು, ಖರಾಬು, ಮಣ್ಣಿನ ನಮೂನೆ, ಮರಗಳು, ನೀರಿನ ಮೂಲ, ಬೆಳೆ, ಬ್ಯಾಂಕಿನ ಸಾಲ ಎಲ್ಲಕ್ಕೂ ಜಾಗವಿದೆ. ಅಲ್ಲಿ ಎರಡು ಸೈನ್ಯ ಕಾದಾಡಿದವು ಎಂದು ಬರೆಯಲು ಕಾಲಂ ಇಲ್ಲ. ಆದ್ದರಿಂದ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆ ಕೋರಿದಾಗ ಯುದ್ಧದ ಪ್ರಶ್ನೆಯೇ ಏಳುವುದಿಲ್ಲ.

ಹಿಂದಿನ ಆಡಳಿತಗಳು ಈ ವಿಷಯದಲ್ಲಿ ಅಷ್ಟು ಪ್ರಗತಿಪರವಾಗಿರಲಿಲ್ಲ. ಯುದ್ಧ ನಡೆದರೆ ವೀರಗಲ್ಲು ನೆಟ್ಟು ದಾಖಲಿಸುತ್ತಿದ್ದವು. ಸುಮಾರು 1,100 ವರ್ಷ ಹಿಂದಿನ ಬೇಗೂರು ವೀರಗಲ್ಲು ಆನೆ, ಕುದುರೆ, ಬಿಲ್ಲಾಳುಗಳ ಸಮೇತ ಕಾಳಗವನ್ನು ಕೆತ್ತಿ ತೋರಿಸುತ್ತದೆ. ಮಡಿದ ನಾಗತ್ತರನ ಪಟ್ಟವನ್ನು ಗಂಗರ ಎರೆಯಪ್ಪ ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡು ಎಂಬ ಉಂಬಳಿಯಾಗಿ ಕೊಟ್ಟದ್ದೂ ಅದರಲ್ಲಿದೆ. ಆಗ ಕಲ್ಲು ನೆಟ್ಟರೆ ಸತ್ತವನ ಹೆಸರಿಗೆ. ಈಗ ಕಲ್ಲು ನೆಟ್ಟರೆ ಮೂವತ್ತು ನಲವತ್ತರ ಸೈಟಿನ ನಾಲ್ಕು ಮೂಲೆಗೆ. ಚಿಂತಾಮಣಿ ತಾಲ್ಲೂಕಿನ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲೇ ಆಗಿನ ಕೋಲಾರ ಜಿಲ್ಲೆಯ ಸಂಪುಟದಲ್ಲಿ ಊರುವಾರು ಅಚ್ಚು ಹಾಕಿಸಿದ್ದಾರೆ. ಭೂಪರಿವರ್ತನೆಯ ಕಡತಕ್ಕೆ ಅದನ್ನು ಲಗತ್ತಿಸಬೇಕೆಂಬ ನಿಯಮವಿಲ್ಲ.

ಇಂಗ್ಲೆಂಡಿನಲ್ಲಿ 1995ರಲ್ಲಿ 43 ಯುದ್ಧಭೂಮಿಗಳ ಪಟ್ಟಿ ಮಾಡಲಾಯಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡ ನಿಷೇಧವೇನಿಲ್ಲ. ಅನುಮತಿ ಕೊಡುವವರು ಅದನ್ನು ಗಮನಕ್ಕೆ ತೆಗೆದುಕೊಳ್ಳಬೇಕು, ಅಷ್ಟೇ. ಇಲ್ಲಿ ಬೇಕಿರುವುದೂ ಅಷ್ಟೇ: ನಂದಿ, ರಹಮಾನ್‌ಗಡ, ಅಂಬಾಜಿದುರ್ಗಗಳ ಸುತ್ತ ಸೈನ್ಯ ನಡೆದ, ಬೀಡುಬಿಟ್ಟ, ಕಾದಾಡಿದ ನೆಲದ ನಕ್ಷೆ, ಆ ಸರ್ವೆ ನಂಬರುಗಳ ಪಹಣಿಯಲ್ಲಿ ಒಂದು ಸಾಲಿನ ನಮೂದು, ಪರಿವರ್ತನೆಗೆ ಮುನ್ನ ಪುರಾತತ್ವ ಇಲಾಖೆಯ ಅಭಿಪ್ರಾಯ. ಬೇಸಾಯಕ್ಕೆ ಬಾರದ್ದು ‘ಎ’ ಖರಾಬು, ಸಾರ್ವಜನಿಕ ಉದ್ದೇಶದ್ದು ‘ಬಿ’ ಖರಾಬು ಆಗಿರುವಾಗ, ಸೈಟಿಗೆ ಬಾರದ್ದನ್ನು ‘ಸಿ’ ಖರಾಬು ಎಂದು ಬರೆದುಕೊಂಡರೆ ಸರ್ಕಾರಕ್ಕೆ ಹೊರೆಯಾಗದು.

ಈ ಬೇಡಿಕೆ ಒಪ್ಪಿಗೆಯಾಗುವ ತನಕ ಬಡಾವಣೆದಾರರು ನಿಶ್ಚಿಂತೆಯಿಂದ ಕಾಮಗಾರಿ ಮುಂದುವರಿಸಬಹುದು. ಪತ್ರದ ಪ್ರತಿಗಳನ್ನು ಕಂದಾಯ, ಪುರಾತತ್ವ ಮತ್ತು ಪ್ರವಾಸೋದ್ಯಮ ಇಲಾಖೆಗಳಿಗೆ, ಪರಸ್ಪರ ವರ್ಗಾಯಿಸಿಕೊಳ್ಳುವ ಸಲುವಾಗಿ, ಕಳುಹಿಸಲಾಗಿದೆ.