ಅಪ್ಪನನ್ನು ನೋಡಿ ಮಗಳನ್ನು ತಗೋ

ಅಮೆರಿಕದ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ಮೈದಾನದಲ್ಲಿ ಎಲ್ಲರಿಗಿಂತ ಹೆಚ್ಚು ಭಾರ ಹೊರುವುದು ಚೆಂಡು ತುಂಬುವ ಬಕೆಟ್. ಆರು ಗ್ಯಾಲನ್ನಿನ ಪ್ಲಾಸ್ಟಿಕ್ ಮೈ, ಮೇಲೆ ಮೆತ್ತೆ ಹಾಕಿದ ಮುಚ್ಚಳ. ಮಗಳು ಪಿಚಿಂಗ್ ಅಭ್ಯಾಸ ಮಾಡುವಾಗ ಅಪ್ಪ ಇದರ ಮೇಲೆ ಕೂತು ಚೆಂಡು ಹಿಡಿಯುತ್ತಾನೆ. ಅಂಥವರಿಗೆ ಅಲ್ಲಿ ‘ಬಕೆಟ್ ಡ್ಯಾಡ್’ ಎಂದೇ ಹೆಸರು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮಳೆ ಬಂದು ಅಭ್ಯಾಸ ನಿಂತುಹೋಗಿದ್ದ ಒಂದು ಶನಿವಾರ, ಹನ್ನೆರಡು ವರ್ಷದೊಳಗಿನ ಹುಡುಗಿಯರ ತಂಡವೊಂದರ ಕೋಚ್ ಮನೆಯ ಗ್ಯಾರೇಜಿನಲ್ಲಿ ಈ ಬಕೆಟ್ ಬಿಡುವಾಗಿ ಸಿಕ್ಕಿತು.

ನಾವು: ತಮ್ಮ ಕೆಲಸದ ಬಗ್ಗೆ ಸ್ವಲ್ಪ ಹೇಳಿ.

ಬಕೆಟ್: ಹೆಸರಿಗೆ ಚೆಂಡು ಹೊರೋದು. ಒಂದೊಂದು ಚೆಂಡು ಹನ್ನೆರಡು ಇಂಚು ಸುತ್ತಳತೆ, ಕಲ್ಲಿನ ಹಾಗಿರುತ್ತೆ. ಅದಕ್ಕೆ ‘ಸಾಫ್ಟ್’ ಅಂತ ಹೆಸರಿಟ್ಟ ಪುಣ್ಯಾತ್ಮನಿಗೆ ಮೂಗಿಗೆ ಬಿದ್ದಿರಲಿಲ್ಲ ಅಂತ ಕಾಣುತ್ತೆ. ಅದೇನೂ ಕಷ್ಟ ಅಲ್ಲ ಬಿಡಿ. ಕಷ್ಟ ಅಪ್ಪಂದಿರದು. ಮುಚ್ಚಳದ ಮೇಲೆ ಕೂತ ತಕ್ಷಣ ಅವರಿಗೆ ಆಟದ ಸಕಲ ಜ್ಞಾನ ಬಂದುಬಿಡುತ್ತೆ.

ನಾವು: ನಮ್ಮ ಕಡೆ ಬಕೆಟ್ ಹಿಡಿಯುವವರೇ ಹೆಚ್ಚು.

ಬಕೆಟ್: ಇಲ್ಲೂ ಇದ್ದಾರೆ. ಆಗಸ್ಟ್‌ನಲ್ಲಿ ತಂಡಕ್ಕೆ ಆರಿಸೋ ಟ್ರೈಔಟ್ ಬರುತ್ತಲ್ಲ, ಆ ವಾರ ನನ್ನನ್ನು ಕಾರಿನ ತನಕ ಹೊತ್ತು ತಂದುಕೊಡೋಕೆ ನಾಲ್ಕು ಜನ ಅಪ್ಪಂದಿರು ಕಿತ್ತಾಡ್ತಾರೆ. ಸೆಪ್ಟೆಂಬರ್‌ನಲ್ಲಿ ಒಬ್ಬನೂ ಹತ್ತಿರ ಸುಳಿಯೋಲ್ಲ.

ನಾವು: ಟ್ರೈಔಟ್‌ನಲ್ಲಿ ಏನು ನಡೆಯುತ್ತದೆ?

ಬಕೆಟ್: ಹುಡುಗಿಯರ ಬೆನ್ನಿಗೆ ನಂಬರ್ ಅಂಟಿಸ್ತಾರೆ. ಅರವತ್ತು ಅಡಿ ಓಡಿಸ್ತಾರೆ, ಸ್ಟಾಪ್‌ವಾಚ್ ಒತ್ತುತ್ತಾರೆ, ಪಿಚಿಂಗ್‌ಗೆ ರೇಡಾರ್ ಹಿಡೀತಾರೆ. ಅದೆಲ್ಲ ಶಾಸ್ತ್ರಕ್ಕೆ. ಹೆಣ್ಣು ನೋಡೋಕೆ ಹೋದವರು ಉಪ್ಪಿಟ್ಟು ತಿನ್ತಾ ಮನೆತನ ಅಳೆಯೋ ಹಾಗೆ, ನಮ್ಮ ಕೋಚ್ ಕಣ್ಣು ತಂತಿಬೇಲಿ ಕಡೆಗೇ ಇರುತ್ತೆ. ಮಡಿಸೋ ಕುರ್ಚಿಯನ್ನು ಸರಿಯಾಗಿ ಕ್ಯಾಚರ್ ಬೆನ್ನ ಹಿಂದೆ ಹಾಕ್ಕೊಂಡವನು ಯಾರು? ಪ್ರತಿ ಚೆಂಡಿಗೂ “ಮೊಣಕೈ! ಮೊಣಕೈ!” ಅಂತ ಕೂಗಿದವನು ಯಾರು? ಮಗಳ ಹೆಸರು ಹೇಳೋ ಮೊದಲೇ ಅವಳು ಯಾವ ಜಾಗದಲ್ಲಿ ಆಡ್ತಾಳೆ ಅಂತ ಹೇಳಿದವನು ಯಾರು? ಆ ನಂಬರಿನ ಮುಂದೆ ಒಂದು ಸಣ್ಣ ಗೀಟು ಬೀಳುತ್ತೆ. ಹುಡುಗಿ ಚಿನ್ನದಂಥವಳಿರಬಹುದು, ಆ ಗೀಟು ಮಾತ್ರ ಅಳಿಸೋಲ್ಲ.

ನಾವು: ಎಲ್ಲರಿಗೂ ಬೇಕಾದ ಜಾಗ ಯಾವುದು?

ಬಕೆಟ್: ಪಿಚರ್, ಅಂದರೆ ಚೆಂಡು ಎಸೆಯೋಳು. ಅದು ಸಿಗದಿದ್ದರೆ ಶಾರ್ಟ್‌ಸ್ಟಾಪ್. ಮೂವತ್ತು ಹುಡುಗಿಯರು ಬಂದರೆ ಮೂವತ್ತೂ ಪಿಚರ್. ರೈಟ್ ಫೀಲ್ಡ್‌ಗೆ ಅಂತ ಮಗಳನ್ನು ಹೆತ್ತ ತಂದೆತಾಯಿಯನ್ನು ನಾನಂತೂ ಈವರೆಗೆ ಕಂಡಿಲ್ಲ. ಈ ವಯಸ್ಸಿನ ಆಟದಲ್ಲಿ ಆ ಕಡೆ ಚೆಂಡು ಹೋಗೋದೇ ಅಪರೂಪ, ಹುಲ್ಲು ಎಣಿಸ್ಕೊಂಡು ನಿಂತಿರಬೇಕು.

ನಾವು: ಆಟ ಹುಟ್ಟಿದ್ದೂ ಇಷ್ಟೇ ಗಂಭೀರವಾಗಿಯೆ?

ಬಕೆಟ್: ಅಯ್ಯೋ, ಇಲ್ಲ! 1887ರಲ್ಲಿ ಷಿಕಾಗೋದ ಒಂದು ಬೋಟ್ ಕ್ಲಬ್‌ನಲ್ಲಿ ಫುಟ್‌ಬಾಲ್ ಪಂದ್ಯದ ಫಲಿತಾಂಶ ಕೇಳೋಕೆ ಸೇರಿದ್ದ ಕೆಲವರು ತಮಾಷೆಗೆ ಬಾಕ್ಸಿಂಗ್ ಗ್ಲೌಸನ್ನೇ ಚೆಂಡಾಗಿ ಕಟ್ಟಿ ಕೋಲಿನಿಂದ ಬಾರಿಸಿದರಂತೆ. ಬೇಲಿ ಆಚೆ ಯಾರ ಅಪ್ಪನೂ ನಿಂತಿರಲಿಲ್ಲ, ಅದಕ್ಕೇ ಆಟ ಬದುಕಿಕೊಂಡಿತು.

ನಾವು: ಈಗ ಅಪ್ಪಂದಿರನ್ನು ಸುಮ್ಮನಿರಿಸಲು ನಿಯಮವಿಲ್ಲವೆ?

ಬಕೆಟ್: ಬಹಳ ಕ್ಲಬ್‌ಗಳಲ್ಲಿ ಇದೆ. ಪಂದ್ಯ ಮುಗಿದ ಮೇಲೆ 24 ಗಂಟೆ ಕೋಚ್ ಹತ್ತಿರ ಆ ಪಂದ್ಯದ ಮಾತೆತ್ತೋ ಹಾಗಿಲ್ಲ. ಕೋಪ ಇಳೀಲಿ ಅಂತ. ಕೋಪ ಇಳಿಯೋಲ್ಲ ಸಾರ್, ಎಕ್ಸೆಲ್ ಆಗುತ್ತೆ. ಇಪ್ಪತ್ನಾಲ್ಕು ಗಂಟೆ ಒಂದು ನಿಮಿಷಕ್ಕೆ ಸರಿಯಾಗಿ ಮೇಲ್ ಬಂದು ಬೀಳುತ್ತೆ: ಯಾವ ಹುಡುಗಿ ಎಷ್ಟು ಇನ್ನಿಂಗ್ಸ್, ಯಾರಿಗೆ ಎಷ್ಟು ಸಲ ಬ್ಯಾಟು, ಬಣ್ಣಬಣ್ಣದ ಕಾಲಮ್ಮು. ಕೊನೇಲಿ ಒಂದು ಸಾಲು, “ಇದು ನನ್ನ ಮಗಳ ವಿಷಯ ಅಲ್ಲ, ತಂಡದ ಹಿತಕ್ಕಾಗಿ.” ಕೋಚ್ ಅದನ್ನ ಇಲ್ಲೇ, ನನ್ನ ಮೇಲೆ ಕೂತು, ಗಟ್ಟಿಯಾಗಿ ಓದಿ, ಹೆಂಡತಿಯ ಕಿವಿಗೆ ಬೀಳಬಾರದ ಎರಡು ಮಾತು ಹೇಳ್ತಾನೆ.

ಇನ್ನು ಬಡಾವಣೆಯ ಸಣ್ಣ ಲೀಗ್‌ಗಳಲ್ಲಿ ಬೇರೆ ಕಲೆ. ಅಲ್ಲಿ ಕೋಚ್‌ಗಳು ಸರದಿ ಪ್ರಕಾರ ಹುಡುಗಿಯರನ್ನು ಆರಿಸ್ಕೋತಾರೆ, ಚೆನ್ನಾಗಿ ಆಡಿದವರು ಮೊದಲು ಹೋಗ್ತಾರೆ. ಒಬ್ಬ ಅಪ್ಪನಿಗೆ ಮಗಳು ಗೆಳೆಯನ ತಂಡಕ್ಕೇ ಸೇರಬೇಕು. “ಇವತ್ತು ಚೆಂಡು ಬಿಟ್ಟುಬಿಡು ಪುಟ್ಟಿ, ಕೆಳಗಿನ ಸುತ್ತಲ್ಲಿ ಅಂಕಲ್ ನಿನ್ನ ತಗೋತಾರೆ” ಅಂತ ಹೇಳಿಕೊಟ್ಟಿದ್ದ. ಮಗು, ಎದುರಿಗೆ ಚೆಂಡು ಬಂದರೆ ಹಿಡೀದೆ ಇರುತ್ತಾ? ಎಲ್ಲಾನೂ ಹಿಡೀತು. ಮೊದಲ ಸುತ್ತಲ್ಲೇ ಹೋಯ್ತು, ಅಪ್ಪನಿಗೆ ಆಗದವನ ತಂಡಕ್ಕೆ.

ನಾವು: ಹಾಗಾದರೆ ತಾವು ಕೋಚ್‌ಗಳ ಪಕ್ಷ.

ಬಕೆಟ್: ಯಾರು ಹೇಳಿದ್ದು? ಕೋಚ್ ಆಕಾಶದಿಂದ ಇಳಿದು ಬಂದವನಾ? ಅವನೂ ಅಪ್ಪನೇ. ನಮ್ಮ ತಂಡದ ಪಿಚರ್ ಯಾರು ಗೊತ್ತಾ? ಅವನ ಮಗಳು. ಶಾರ್ಟ್‌ಸ್ಟಾಪ್? ಅಸಿಸ್ಟೆಂಟ್ ಕೋಚ್ ಮಗಳು. ಇದಕ್ಕೆ ಇಲ್ಲಿ ‘ಡ್ಯಾಡಿ ಬಾಲ್’ ಅಂತಾರೆ.

(ಕರ್ನಾಟಕದ ಓದುಗರಿಗೆ ಈ ಪದ್ಧತಿಯನ್ನು ವಿವರಿಸುವ ಅಗತ್ಯವಿಲ್ಲ.)

ಬಕೆಟ್: ಇನ್ನೊಂದು ಕೇಳಿ. ತಂಡಕ್ಕೆ ಹನ್ನೆರಡು ಜನ ಸೇರಬೇಕು, ಫೀಸು ಬರಬೇಕು. ಅದಕ್ಕೆ ಆಗಸ್ಟ್‌ನಲ್ಲಿ ನಾಲ್ಕು ಮನೆಗೆ ಫೋನ್ ಮಾಡಿ ನಾಲ್ಕಕ್ಕೂ “ನಿಮ್ಮ ಮಗಳು ಪಿಚ್ ಮಾಡ್ತಾಳೆ” ಅಂತ ಮಾತು ಕೊಟ್ಟ. ನಾನಿಲ್ಲೇ ಇದ್ದೆ. ಅಕ್ಟೋಬರ್‌ನಲ್ಲಿ ಆ ನಾಲ್ವರೂ ಬೇಲಿ ಹಿಡ್ಕೊಂಡು ಕೂಗಿದಾಗ “ಈ ಅಪ್ಪಂದಿರು ಬಹಳ ಕಷ್ಟದವರು” ಅಂದ. ಕಷ್ಟದವರು ಹೌದು. ಬಿತ್ತಿದವನು ಯಾರು?

ನಾವು: ಆದರೂ ಹನ್ನೊಂದು ವರ್ಷದ ಮಗುವಿನ ಆಟಕ್ಕೆ ಇಷ್ಟು ಹಟ ಯಾಕೆ?

ಬಕೆಟ್: ಸ್ಕಾಲರ್‌ಶಿಪ್! ಕಾಲೇಜು ಸಾಫ್ಟ್‌ಬಾಲ್‌ನ ಮೇಲಿನ ದರ್ಜೆಯಲ್ಲಿ ಬಹಳ ಕಾಲ ಒಂದು ತಂಡಕ್ಕೆ ಹನ್ನೆರಡೇ ಪೂರ್ತಿ ಸ್ಕಾಲರ್‌ಶಿಪ್ ಇದ್ದದ್ದು. ಅದನ್ನೇ ಚೂರುಚೂರು ಮಾಡಿ ಇಡೀ ತಂಡಕ್ಕೆ ಹಂಚೋರು. 2025ರಲ್ಲಿ, ಕಾಲೇಜು ಕ್ರೀಡೆಯ ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ, 25 ಆಟಗಾರ್ತಿಯರ ತಂಡ ಅಂತ ಲೆಕ್ಕ ಬಂತು. “ಇಪ್ಪತ್ತೈದು!” ಅಂತ ಅಪ್ಪಂದಿರು ನನ್ನ ಮೇಲೆ ಕುಣಿದಾಡಿದರು. ಮುಚ್ಚಳದಲ್ಲಿರೋ ಬಿರುಕು ಆವತ್ತಿಂದು. ನಾನೂರು ಡಾಲರ್ ಬ್ಯಾಟು, ವಾರಕ್ಕೊಂದು ಪಿಚಿಂಗ್ ಪಾಠ, ವಾರಾಂತ್ಯದ ಹೋಟೆಲ್ಲು, ಪೆಟ್ರೋಲು. ಈ ದುಡ್ಡನ್ನೇ ಬ್ಯಾಂಕಿನಲ್ಲಿಟ್ಟರೆ ಕಾಲೇಜು ಫೀಸಿಗೆ ಒಂದಿಷ್ಟಾದರೂ ಖಾತ್ರಿ ಅಂತ ನನಗೆ ಗೊತ್ತಾಗುತ್ತೆ. ನಾನು ಬರೀ ಪ್ಲಾಸ್ಟಿಕ್ಕು. ಅವರು ಸಾಫ್ಟ್‌ವೇರ್ ಎಂಜಿನಿಯರುಗಳು, ಅವರಿಗೆ ಗೊತ್ತಾಗೋಲ್ಲ.

ಮೊದಲು ಇನ್ನೂ ಕೆಟ್ಟದಾಗಿತ್ತು. ಎಂಟನೇ ಕ್ಲಾಸಿನ ಹುಡುಗಿಗೇ ಕಾಲೇಜು ಕೋಚ್‌ಗಳು ಬಾಯಿಮಾತಲ್ಲಿ ಜಾಗ ಕೊಟ್ಟುಬಿಡೋರು. 2018ರಲ್ಲಿ ಅದಕ್ಕೆ ತಡೆ ಬಿತ್ತು. ಈಗ ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರ ತನಕ ಅವರು ಹುಡುಗಿ ಹತ್ತಿರ ಸೇರಿಸಿಕೊಳ್ಳೋ ಮಾತಾಡೋ ಹಾಗಿಲ್ಲ. ಅಪ್ಪಂದಿರ ಬಾಯಿಗೆ ಅಂಥ ತಾರೀಕು ಯಾರೂ ಗೊತ್ತುಮಾಡಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ಒಕ್ಲಹೋಮಾ ಸಿಟಿಯಲ್ಲಿ ನಡೆಯುತ್ತಂತೆ. ಒಬ್ಬ ಈಗಲೇ ಅಲ್ಲಿ ಹೋಟೆಲ್ ದರ ವಿಚಾರಿಸಿದ್ದಾನೆ. ಮಗಳು ಆರನೇ ಕ್ಲಾಸು.

ನಾವು: ಹುಡುಗಿಯರು ಏನೆನ್ನುತ್ತಾರೆ?

ಬಕೆಟ್: ಅವರನ್ನು ಕೇಳಿದ ಮೊದಲನೇ ಮನುಷ್ಯ ನೀವು, ನನ್ನ ಹತ್ತಿರ ಕೇಳ್ತಾ ಇದ್ದೀರಿ. ಅವರು ಡಗ್‌ಔಟ್‌ನಲ್ಲಿ ಹಾಡು ಕಟ್ಟಿ ಕೂಗ್ತಾರೆ, ಸೂರ್ಯಕಾಂತಿ ಬೀಜ ತಿಂದು ಸಿಪ್ಪೆ ನನ್ನೊಳಗೇ ಉಗೀತಾರೆ. ಬೆಂಚಿನಲ್ಲಿ ಕೂತವಳ ದನಿಯೇ ಎಲ್ಲರಿಗಿಂತ ಜೋರು. ಅಪ್ಪನ ಎಕ್ಸೆಲ್‌ನಲ್ಲಿ ಅದಕ್ಕೆ ಕಾಲಮ್ ಇಲ್ಲ.

ನಾವು: ತೊಂದರೆ ಕೊಡದ ಮನೆಯವರು ಒಬ್ಬರೂ ಸಿಗಲಿಲ್ಲವೆ?

ಬಕೆಟ್: ಸಿಕ್ಕಿದ್ದರು ಸಾರ್, ನಿಮ್ಮವರೇ. ಈ ಆಗಸ್ಟ್‌ನಲ್ಲಿ ಬಂದ ಒಂದು ಹುಡುಗಿ. ತೋಳು ಸಾಧಾರಣ. ಆದರೆ ಅಪ್ಪ ಲ್ಯಾಪ್‌ಟಾಪ್‌ನಿಂದ ತಲೆ ಎತ್ತಲಿಲ್ಲ, ಅಮ್ಮ ಆಫೀಸ್ ಫೋನಿನಲ್ಲಿ. ಜೊತೆಗೆ ಹಾಸನದಿಂದ ಬಂದಿದ್ದ ಒಬ್ಬರು ಅಜ್ಜಿ, ಡಬ್ಬಿ ತುಂಬ ಚಿತ್ರಾನ್ನ. ಕೋಚ್ ಎರಡು ಸಲ ಹಾಕಿಸ್ಕೊಂಡು ತಿಂದ. ಇಷ್ಟು ಸಾಧು ಮನೆ ಜನ್ಮದಲ್ಲಿ ಕಂಡಿಲ್ಲ ಅಂತ, ಅವಳಿಗಿಂತ ಚೆನ್ನಾಗಿ ಎಸೆಯೋ ಇಬ್ಬರನ್ನು ಬಿಟ್ಟು ಅವಳನ್ನೇ ತಗೊಂಡ.

ಸೆಪ್ಟೆಂಬರ್‌ನಲ್ಲಿ ಅಜ್ಜಿ ಕುರ್ಚಿ ಬೇಡ ಅಂತ ನನ್ನ ಮೇಲೇ ಕೂರೋಕೆ ಶುರು ಮಾಡಿದರು. ಈ ಕನ್ನಡ ನಾನು ಕಲಿತದ್ದೇ ಅವರಿಂದ. ಅಕ್ಟೋಬರ್ ಹೊತ್ತಿಗೆ ರೈಸ್ ಬಾಲ್ ಯಾವುದು, ಚೇಂಜ್‌ಅಪ್ ಯಾವುದು ಅಂತ ಕೂತಲ್ಲಿಂದಲೇ ಹೇಳೋರು. ಅಂಪೈರ್ ಬಾಲ್ ಅಂದರೆ “ಕಣ್ ಕಾಣಾಕಿಲ್ವೇನೋ ನಿಂಗೆ!” ನವೆಂಬರ್‌ನಲ್ಲಿ ನೇರವಾಗಿ ಕೋಚ್‌ನ ಕರೆದರು. “ಏನಪ್ಪಾ, ನಮ್ ಮಗೂನ ಆ ಮೂಲೇಲಿ ಯಾಕೆ ನಿಲ್ಸಿದೀಯ? ಒಂದ್ ಚೆಂಡಾದ್ರೂ ಬತ್ತದಾ ಅಲ್ಲಿಗೆ? ನಿನ್ ಮಗಳನ್ನ ನಿಲ್ಸು ನೋಡಾನ.”

ನಾವು: ಕೋಚ್ ಏನೆಂದ?

ಬಕೆಟ್: ಏನಂತಾರೆ ಅಂತ ಅಜ್ಜಿಯ ಮಗನನ್ನು ಕೇಳಿದ. “ಇವತ್ತು ಬಿಸಿಲು ಚೆನ್ನಾಗಿದೆ ಅಂತಿದಾರೆ” ಅಂದ ಮಗ. ಕೋಚ್ ದಡ್ಡ ಅಲ್ಲ. ಹತ್ತು ವರ್ಷದಿಂದ ಅಪ್ಪಂದಿರ ಮುಖ ಓದ್ಕೊಂಡು ಬಂದವನು, ಅಜ್ಜಿ ಮುಖ ಓದೋಕೆ ಕನ್ನಡ ಯಾಕೆ ಬೇಕು? ಮೆತ್ತಗೆ ಕೇಳಿದ, ಅಮ್ಮ ಊರಿಗೆ ಯಾವಾಗ ಹೊರಡೋದು ಅಂತ. ಆರು ತಿಂಗಳು ಮುಗೀತಾ ಬಂತು, ಜನವರಿಗೆ ಟಿಕೆಟ್ ಇತ್ತು ಅಂದ ಮಗ. ಕೋಚ್ ಮುಖ ಅರಳಿತು.

ನಾವು: ಇತ್ತು?

ಬಕೆಟ್: ಇನ್ನಾರು ತಿಂಗಳಿಗೆ ಅರ್ಜಿ ಹಾಕಿಸಿದ್ದಾರೆ. ಬೇಸಿಗೆ ಟೂರ್ನಿ ನೋಡ್ಕೊಂಡೇ ಹೊರಡೋದಂತೆ.