ಉಲ್ಟಾ ಎಳೆಯುವವನು

ಮದುವೆ ಫೋಟೊಗಳಲ್ಲಿ ಒಬ್ಬ ಯಾವಾಗಲೂ ಗದ್ದಕ್ಕೆ ಕೈ ಆನಿಸಿಕೊಂಡೇ ನಿಂತಿರುತ್ತಾನೆ. ಏನೋ ಘನಂದಾರಿ ಯೋಚನೆಯಲ್ಲಿದ್ದಾನೆ ಅಂದುಕೊಳ್ಳಬೇಡಿ. ಕೈ ತೆಗೆದರೆ ಕತ್ತಿನ ತುಂಬ ಕೆಂಪು ಗುಳ್ಳೆ, ದವಡೆಯ ಮೂಲೆಯಲ್ಲಿ ರಕ್ತ ಹೀರಿ ಒಣಗಿದ ಪೇಪರಿನ ಚೂರು. ಕಳೆದ ಸಲ ನಾನು ಹತ್ತಿರದಿಂದ ಓದಿದ್ದೆ. ‘ದಿನಭವಿಷ್ಯ’ದ ‘ಷ್ಯ’ ಅಲ್ಲಿ ಅಂಟಿಕೊಂಡಿತ್ತು.

ವಯಸ್ಸು 19ರಿಂದ 24ರ ಒಳಗೆ. ಒಂದು ಕಾಲಕ್ಕೆ ಗಡ್ಡ ಬರಲಿ ಅಂತಲೇ ಬರಡು ಕೆನ್ನೆಯ ಮೇಲೆ ಬ್ಲೇಡು ಆಡಿಸಿದವನು. ಬೋಳಿಸಿದಷ್ಟೂ ದಟ್ಟವಾಗಿ ಬರುತ್ತದೆ ಅಂತ ಹಾಸ್ಟೆಲಿನ ಸೀನಿಯರ್ ಒಬ್ಬ ಹೇಳಿದ್ದ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿ, ಹಾಗೇನೂ ಆಗುವುದಿಲ್ಲ ಅಂದುಬಿಟ್ಟಿದ್ದಾರೆ. ನಮ್ಮ ಹಾಸ್ಟೆಲುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಕತ್ತರಿಸಿದ ಕೂದಲಿನ ತುದಿ ಮೊಂಡಾಗಿ ಕೈಗೆ ಒರಟಾಗಿ ಸಿಗುತ್ತದೆ, ಅಷ್ಟೇ. ಗಡ್ಡ ತನ್ನ ಪಾಡಿಗೆ ತಾನು ಬರುವ ಕಾಲಕ್ಕೆ ಬಂತು. ಈಗ ಅದು ಬಂದಿದ್ದ ಗುರುತೇ ಉಳಿಯಬಾರದು ಅನ್ನುವುದು ಇವನ ಹಠ. ಕೆನ್ನೆ ಸವರಿದರೆ ಸ್ಟೀಲ್ ತಟ್ಟೆ ಸವರಿದ ಹಾಗಿರಬೇಕಂತೆ.

ಮೊನ್ನೆ ಹಾಸನದ ಛತ್ರವೊಂದರಲ್ಲಿ ಈ ಜಾತಿಯ ಒಂದು ಪ್ರಾಣಿಯನ್ನು, ಅಂದರೆ ನನ್ನ ಅಕ್ಕನ ಮಗನನ್ನು, ಕಣ್ಣಾರೆ ನೋಡಿದೆ. ಮುಹೂರ್ತ ಬುಧವಾರ ಬೆಳಿಗ್ಗೆ. ಹಿಂದಿನ ದಿನ ಕಟಿಂಗ್ ಶಾಪಿನ ತನಕ ಹೋಗಿ, ಮುಚ್ಚಿದ ಬಾಗಿಲು ನೋಡಿ ವಾಪಸು ಬಂದಿದ್ದ. ಹಾಗಾಗಿ ಬೆಳಿಗ್ಗೆ ಆರಕ್ಕೆ ಸ್ವಹಸ್ತದಿಂದಲೇ ಕಾರ್ಯಕ್ರಮ. ಹಿಂದೆ ಟವೆಲು ಹೆಗಲಿಗೇರಿಸಿದ ಆರು ಜನರ ಸಾಲು. ತಣ್ಣೀರು ಚಿಮುಕಿಸಿಕೊಂಡ, ಮೈಸೋಪನ್ನೇ ಗಲ್ಲಕ್ಕೆ ಎರಡು ಸಲ ಉಜ್ಜಿದ. ನೊರೆ ಬರಲಿಲ್ಲ, ಬಿಳಿ ಕಲೆ ಬಂತು. ರೇಜರು ಮಾತ್ರ ಐದು ಬ್ಲೇಡಿನದು, ಭಾರೀ ಬೆಲೆಯದ್ದು. ಬೆಲೆ ಜಾಸ್ತಿ ಅಂತಲೇ ಯುಗಾದಿಗೆ ಹಾಕಿದ ಕಾರ್ಟ್ರಿಜ್ಜನ್ನು ದಸರಾ ಕಳೆದರೂ ಬದಲಾಯಿಸಿರಲಿಲ್ಲ. ಐದಾರು ಶೇವಿಂಗಿಗೆ ಎಸೆಯಬೇಕಾದದ್ದು ಅದು. ಮೊಂಡಾದ ಬ್ಲೇಡು ಕೂದಲನ್ನು ಕೊಯ್ಯುವುದಿಲ್ಲ, ಜಗ್ಗುತ್ತದೆ. ಜಗ್ಗಿದ್ದಕ್ಕೆ ಇವನು ಇನ್ನಷ್ಟು ಒತ್ತಿದ. ಆಮೇಲೆ ಕತ್ತು ಮೇಲಕ್ಕೆತ್ತಿ, ಗಂಟಲ ಗುಂಡಿಯಿಂದ ಗದ್ದದವರೆಗೆ ಸರ್‍ರನೆ ಉಲ್ಟಾ ಎಳೆದ. ಒಂದು ಸಲ ಅಲ್ಲ, ಒಂದೇ ಜಾಗಕ್ಕೆ ನಾಲ್ಕು ಸಲ. ಹೊಲ ಉಳುವವರೂ ಒಂದೇ ಸಾಲಿನಲ್ಲಿ ಅಷ್ಟು ಸಲ ಹೋಗುವುದಿಲ್ಲ.

ಕೊನೆಗೆ ಮದುಮಗನ ಆಫ್ಟರ್‌ಶೇವ್ ಕಡ ತಂದು ಅಂಗೈಗೆ ಸುರಿದುಕೊಂಡು ಪಟ್ಟೆಂದು ಬಡಿದುಕೊಂಡ. ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನುತ್ತಾರಲ್ಲ, ಇವನು ಬೆಂಕಿಗೆ ಸ್ಪಿರಿಟ್ಟೇ ಸುರಿದ. ಓಲಗದವರು ಇನ್ನೂ ಬಂದಿರಲಿಲ್ಲ, ಆದರೂ ಛತ್ರದ ಹಿಂಭಾಗದಿಂದ ಒಂದು ಸ್ವರ ಎದ್ದಿತು.

ಮದುವೆ ಮುಗಿದು ಮೈಸೂರಿಗೆ ಬಂದ ಮೇಲೆ ನಮ್ಮ ಬೀದಿಯ ಕಟಿಂಗ್ ಶಾಪಿನ ಯಜಮಾನರ ಮುಂದೆ ಅವನನ್ನು ಕೂರಿಸಿದೆ. ಅವರು ಕನ್ನಡಕ ಏರಿಸಿ ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಉಲ್ಟಾ ಎಳೀತೀಯೇನಪ್ಪಾ?” ಅಂದರು. ಹುಡುಗ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿದ. “ಮೂರು ದಿನ ಬಿಟ್ಟು, ಬೆರಳಾಡಿಸಿ ನೋಡು. ಕೆನ್ನೇಲಿ ಕೂದಲು ಕೆಳಕ್ಕೆ ಮಲಗಿರುತ್ತೆ, ಕತ್ತಿನಲ್ಲಿ ಕೆಲವರಿಗೆ ಮೇಲಕ್ಕೆ, ಕೆಲವರಿಗೆ ಅಡ್ಡಕ್ಕೆ. ಅದು ಮಲಗಿದ ಕಡೆಗೇ ಹೋಗಬೇಕು. ಎಬ್ಬಿಸಿದರೆ ಕಚ್ಚುತ್ತೆ.”

ಚರ್ಮದ ಡಾಕ್ಟರು ಹೇಳುವುದೂ ಇದನ್ನೇ, ಭಾಷೆ ಮಾತ್ರ ಬೇರೆ. ಸಾಲು ಬ್ಲೇಡಿನ ರೇಜರಿನಲ್ಲಿ ಮುಂದಿನದು ಕೂದಲನ್ನು ಎಳೆದು ಹಿಡಿಯುತ್ತದೆ, ಹಿಂದಿನದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ಉಲ್ಟಾ ಎಳೆದರಂತೂ ಇನ್ನೂ ಆಳಕ್ಕೆ. ಚೂಪಾದ ಆ ತುದಿ ಮತ್ತೆ ಬೆಳೆಯುವಾಗ, ಗುಂಗುರು ಕೂದಲಾದರೆ, ಹೊರಗೆ ಬರುವ ದಾರಿ ತಪ್ಪಿ ಚರ್ಮಕ್ಕೇ ಚುಚ್ಚಿಕೊಂಡು ಗುಳ್ಳೆ ಏಳಿಸುತ್ತದೆ. ಇದಕ್ಕೆ ಸ್ಯೂಡೊಫಾಲಿಕ್ಯುಲೈಟಿಸ್ ಬಾರ್ಬೆ ಅಂತ ಹೆಸರು. ಅವನ ಗಡ್ಡಕ್ಕಿಂತ ಉದ್ದವಿದೆ.

ಯಜಮಾನರು ಅವಸರ ಮಾಡಲಿಲ್ಲ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಮೂರು ನಿಮಿಷ ಗಲ್ಲದ ಮೇಲೆ ಹಾಕಿಟ್ಟರು. ನೀರು ಕುಡಿದ ಕೂದಲು ಮೆತ್ತಗಾಗಿ ಸಲೀಸಾಗಿ ತುಂಡಾಗುತ್ತದೆ. ಬ್ರಶ್ಶಿನಲ್ಲಿ ನೊರೆ ಏಳಿಸಿದರು. ಹೊಸ ಬ್ಲೇಡನ್ನು ಕಾಗದದ ಸಮೇತ ಲಟಕ್ಕನೆ ಮುರಿದು ಅರ್ಧವನ್ನು ಕ್ಷೌರದ ಕತ್ತಿಗೆ ಸಿಕ್ಕಿಸಿದರು. ಒಬ್ಬರಿಗೆ ಹಾಕಿದ ಬ್ಲೇಡು ಇನ್ನೊಬ್ಬರಿಗಿಲ್ಲ; ಹೆಪಟೈಟಿಸ್ ಬಿ ಆ ದಾರಿಯಲ್ಲೂ ಬರುತ್ತದೆ. ಛತ್ರದಲ್ಲಿ ಒಂದೇ ರೇಜರನ್ನು ಭ್ರಾತೃಭಾವದಿಂದ ಹಂಚಿಕೊಂಡ ಭಾವಮೈದುನರಿಗೆ ಇದನ್ನು ಹೇಳಿ ಬೈಸಿಕೊಂಡವನು ನಾನು. ಕೂದಲು ಮಲಗಿದ ಕಡೆಗೆ ಒಂದು ಸಲ, ಹಗುರಾಗಿ. ತಣ್ಣೀರು. ಬೇಕಾದಲ್ಲಿ ಮಾತ್ರ ಪಟಿಕದ ಕಲ್ಲು.

ಹುಡುಗ ಕನ್ನಡಿ ನೋಡಿಕೊಂಡ, ಗದ್ದದ ಕೆಳಗೆ ಸವರಿಕೊಂಡ. “ಅಂಕಲ್, ಸ್ವಲ್ಪ ತರಿತರಿ ಉಳಿದಿದೆ.”

“ಉಳೀಲಿ. ಅದು ಉಳಿದಿದ್ದಕ್ಕೇ ನಿನ್ನ ಚರ್ಮ ಉಳೀತು.”

ಇವನ ಜೇಬಿನಲ್ಲಿ ಆಗಲೇ ಒಂದು ಟ್ಯೂಬಿತ್ತು, ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಂಡದ್ದು. ಹಿಂದೆ ತಿರುಗಿಸಿ ಓದಿದರೆ ಬೀಟಾಮೆಥಸೋನ್, ಸ್ಟೀರಾಯ್ಡು. ಎರಡು ದಿನದಲ್ಲಿ ಕೆಂಪು ಮಾಯವಾಗುತ್ತದೆ ನಿಜ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಬಿಟ್ಟೊಡನೆ ಮೊದಲಿಗಿಂತ ಹೆಚ್ಚು ಕೆಂಪು. ಟ್ಯೂಬು ಕಿತ್ತುಕೊಂಡು ಕಸದ ಬುಟ್ಟಿಗೆ ಹಾಕಿದೆ. ಗುಳ್ಳೆಯಲ್ಲಿ ಕೀವು ತುಂಬಿದರೆ ಡಾಕ್ಟರಿದ್ದಾರೆ, ಮೆಡಿಕಲ್ ಶಾಪಿನ ಹುಡುಗನಲ್ಲ.

ಅಂದಹಾಗೆ, ಬುಧವಾರದ ಮದುವೆಗೆ ಹೊರಟಿರುವವರು ಸೋಮವಾರವೇ ಹೋಗಿ ಕೂತುಬಿಡಿ. ಮಂಗಳವಾರ ಕಟಿಂಗ್ ಶಾಪಿಗೆ ರಜೆ.