ಪನಸಾಧಿಕರಣ: ಮಲೆನಾಡಿನ ಮನೆಗೆ ಬ್ರಾಡ್‌ಬ್ಯಾಂಡ್ ಬಂದುದರ ಮೀಮಾಂಸೆ

ಇನ್ನು ಸಿಗ್ನಲ್ಲಿನ ವಿಚಾರ. ಮೀಮಾಂಸಕರು ಪ್ರತಿ ಅಧಿಕರಣಕ್ಕೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳನ್ನು ಹೇಳಿರುವುದರಿಂದ, ತೀರ್ಥಹಳ್ಳಿ ಸೀಮೆಯ ನಮ್ಮ ಒಂಟಿಮನೆಗೆ ಬ್ರಾಡ್‌ಬ್ಯಾಂಡ್ ಬಂದುದನ್ನೂ ಅದೇ ಕ್ರಮದಲ್ಲಿ ಪರಾಮರ್ಶಿಸತಕ್ಕದ್ದು. ಇವುಗಳಲ್ಲಿ ಸಂಶಯವು ಮೊದಲ ಬಿಲ್ಲಿನ ಜೊತೆಗೇ ಬಂದು ಮನೆಯಲ್ಲಿ ಬೀಡುಬಿಟ್ಟಿದೆ. ಅದಕ್ಕೆ ಪ್ರತ್ಯೇಕ ವಿವರಣೆ ಬೇಡ.

ವಿಷಯ ಇಷ್ಟು. ಗುಡ್ಡದ ಬುಡದಲ್ಲಿ ಮನೆ, ಎದುರಿಗೆ ಅಡಿಕೆ ತೋಟ. ಅಲ್ಲಿಯವರೆಗೆ ಕೇಬಲ್ ಎಳೆಯಲು ಯಾರೂ ಒಪ್ಪಲಿಲ್ಲವಾದ್ದರಿಂದ ಗಾಳಿಯಲ್ಲಿ ಬರುವ 5ಜಿಯನ್ನು ಕರೆಸಲಾಯಿತು. ಇದು ಎರಡು ಡಬ್ಬಗಳ ಸಂಸಾರ. ಮಾಡಿನ ಮೇಲಿನ ಡಬ್ಬ ಟವರಿನೊಡನೆ ಮಾತಾಡುತ್ತದೆ, ಒಳಗಿನದು ಮನೆಮಂದಿಯೊಡನೆ.

ಪೂರ್ವಪಕ್ಷವನ್ನು ಮಂಡಿಸಿದವನು ಏಣಿ ಹೊತ್ತು ಬಂದ ಹುಡುಗ. ಮಾಡು ಹತ್ತಿ, ಮೊಬೈಲನ್ನು ನಾಲ್ಕು ದಿಕ್ಕಿಗೂ ತೋರಿಸಿ, “ಟವರ್ ಕಾಣ್ಬೇಕು ಅಮ್ಮ. ಆ ಹಲಸಿನ ಮರ ತೆಗೆಸಿದ್ರೆ ಫುಲ್ ಬರ್ತದೆ” ಎಂದ. ಭೌತಶಾಸ್ತ್ರ ಅವನ ಕಡೆಗಿದೆ ಎಂಬುದನ್ನು ಒಪ್ಪಲೇಬೇಕು. ಸುಮಾರು 3.5 ಗಿಗಾಹರ್ಟ್ಜ್‌ನ ಅಲೆಯ ಉದ್ದ 9 ಸೆಂಟಿಮೀಟರಿನ ಆಸುಪಾಸು. ಎಲೆಯೊಳಗಿನ ನೀರು ಅದನ್ನು ಹೀರುತ್ತದೆ, ಕೊಂಬೆ ಚೆದುರಿಸುತ್ತದೆ, ಎಲೆ ತೊಯ್ದರಂತೂ ನಷ್ಟ ಇನ್ನೂ ಹೆಚ್ಚು. ಹಲಸೋ, ಎಲೆಯೆಲ್ಲ ಒಟ್ಟಿಗೆ ಉದುರಿಸಿ ಬೋಳಾಗುವ ಜಾತಿಯಲ್ಲ.

ಉತ್ತರಪಕ್ಷ ಅಜ್ಜಿಯದು: “ಮರ ಅಲ್ಲೇ ಇರ್ಲಿ. ಬೇಕಾದ್ರೆ ಟವರ್ ಸರಿಸ್ಲಿ ಮಾರಾಯ.” ಇದು ಹಟವಲ್ಲ, ಶಾಸ್ತ್ರಸಮ್ಮತ. ದೃಷ್ಟಫಲ ದೊರೆಯುವಲ್ಲಿ ಅದೃಷ್ಟಫಲವನ್ನು ಕಲ್ಪಿಸಬಾರದೆಂಬುದು ಮೀಮಾಂಸೆಯ ನಿಯಮ. ವರ್ಷವರ್ಷವೂ ಹಪ್ಪಳವಾಗಿ ಅಟ್ಟ ಸೇರುವ ಹಲಸು ದೃಷ್ಟಫಲ. ಸೆಕೆಂಡಿಗೆ 100 ಮೆಗಾಬಿಟ್ ಎಂಬುದು ಕರಪತ್ರದಲ್ಲಿ ಮಾತ್ರ ಶ್ರುತವಾದ ಅದೃಷ್ಟಫಲ. ಎಂಟು ಬಿಟ್ ಕೂಡಿದರೆ ಒಂದು ಬೈಟ್ ಆಗುವುದರಿಂದ, ಆ 100 ಪೂರ್ತಿ ಬಂದರೂ ಸಿನಿಮಾ ಇಳಿಯುವುದು ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. ಬ್ರಾಡ್‌ಬ್ಯಾಂಡಿಗೆ ಸರ್ಕಾರ ಕೊಟ್ಟ ಲಕ್ಷಣವಾಕ್ಯವಾದರೋ ಇನ್ನೂ ಉದಾರ. 2004ರಲ್ಲಿ 256 ಕಿಲೋಬಿಟ್ ಇದ್ದರೆ ಸಾಕಿತ್ತು, 2013ರಲ್ಲಿ ಅದು 512 ಆಯಿತು, 2023ರಲ್ಲಿ 2 ಮೆಗಾಬಿಟ್ಟಿಗೆ ಏರಿತು. ಈ ಪ್ರಮಾಣದಿಂದ ಅಳೆದರೆ ಆಷಾಢದ ಮಳೆಯಲ್ಲಿ ನಮಗೆ ಬರುವುದೂ ನಿಸ್ಸಂದೇಹವಾಗಿ ಬ್ರಾಡ್‌ಬ್ಯಾಂಡೇ.

ಸಿದ್ಧಾಂತ: ಮರವನ್ನು ಉಳಿಸಿ ಡಬ್ಬವನ್ನು ಕೊಟ್ಟಿಗೆಯ ಮಾಡಿಗೆ ಒಯ್ಯತಕ್ಕದ್ದು. ಜಿಐ ಪೈಪಿನ ತುದಿಯಲ್ಲಿ ನಿಂತರೆ ಅಲ್ಲಿಂದ ಅದಕ್ಕೆ ಹಲಸಿನ ಪಕ್ಕದಲ್ಲೇ ಟವರ್ ಕಾಣುತ್ತದೆ. ಎರಡು ಡಬ್ಬಗಳನ್ನು ಕೂಡಿಸುವ ಈಥರ್ನೆಟ್ ತಂತಿ 100 ಮೀಟರಿನವರೆಗೂ ಕೆಲಸ ಮಾಡುವುದಾದರೂ ಹುಡುಗನ ಚೀಲದಲ್ಲಿದ್ದ ತುಂಡು ಬಚ್ಚಲಿನ ಕಿಟಕಿಗೆ ಮುಗಿಯಿತು. ಆದ್ದರಿಂದ ಒಳಡಬ್ಬದ ಪ್ರತಿಷ್ಠೆ ಬಚ್ಚಲಿನ ಹೊರಗೋಡೆಗೇ ಆಯಿತು.

ಇಲ್ಲಿಂದ ಮುಂದಿನದು ಅಂತರ್ಗೃಹಭೂಗೋಳ. ನೆಟ್ಟಗೆ ನಿಂತ ಆಂಟೆನಾದ ಸುತ್ತ ಅಲೆಗಳು ಉದ್ದಿನವಡೆಯ ಆಕಾರದಲ್ಲಿ ಹರಡುತ್ತವೆ, ಆಂಟೆನಾ ಅದರ ತೂತಿನಲ್ಲಿರುತ್ತದೆ. ಹಾಗಾಗಿ ನೇರ ಮೇಲಿನ ಅಟ್ಟಕ್ಕೆ ತೂತೇ ಗತಿ. 5 ಗಿಗಾಹರ್ಟ್ಜ್‌ನ ವೇಗದ ಅಲೆ ನಮ್ಮ ದಪ್ಪ ಮಣ್ಣಿನ ಗೋಡೆಗೆ ಸೋಲುತ್ತದೆ. 2.4ರ ನಿಧಾನದ ಅಲೆ ಗೋಡೆಯನ್ನು ಹೇಗೋ ದಾಟಿದರೂ ನೀರು ತುಂಬಿದ ತಾಮ್ರದ ಹಂಡೆಗೂ ಕಬ್ಬಿಣದ ಬೀರುವಿಗೂ ತಲೆಬಾಗುತ್ತದೆ. ಒಂದು ಸುಖವುಂಟು: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನೆರೆಯವರ ರೂಟರುಗಳೆಲ್ಲ 1, 6, 11 ಎಂಬ ಮೂರೇ ಚಾನಲ್ಲುಗಳಿಗೆ ಕಿತ್ತಾಡುವಾಗ, ನಮ್ಮಲ್ಲಿ ಪಾಲು ಕೇಳಲು ನೆರೆಮನೆಯೇ ಇಲ್ಲ. ಪಡಸಾಲೆಯ ಆರಾಮಕುರ್ಚಿ ಮಾತ್ರ ಪದಚ್ಯುತವಾಯಿತು. ಯಜಮಾನಿಕೆ ಬಚ್ಚಲೊಲೆಯ ಪಕ್ಕದ ಸ್ಟೂಲಿಗೆ ಸಂದಿತು. ಐಟಿ ಕೆಲಸದ ಮೊಮ್ಮಗನ ಮೀಟಿಂಗಿಗೆ ಕೊಟ್ಟಿಗೆಯ ಗೌರಿಯೂ ಆಗಾಗ ಅಭಿಪ್ರಾಯ ಸೇರಿಸುತ್ತದೆ. ಅವನು ಮ್ಯೂಟ್ ಒತ್ತುವುದಕ್ಕೆ ಮುಂಚೆ.

ಕಸ್ಟಮರ್ ಕೇರಿನವರು ಪುನರ್ಜನ್ಮವಾದಿಗಳು. ಯಾವ ವ್ಯಾಧಿಗೂ ಅವರ ಚಿಕಿತ್ಸೆ “ಆಫ್ ಮಾಡಿ ಆನ್ ಮಾಡಿ”. ನಗಬೇಕಿಲ್ಲ. ಮೆಮೊರಿಯಲ್ಲಿ ಕಟ್ಟಿಕೊಂಡ ಕಸ ಕಳೆದು ಡಬ್ಬ ಟವರಿನ ಬಳಿ ಹೊಸದಾಗಿ ಹೆಸರು ಬರೆಸಿಕೊಳ್ಳುವುದರಿಂದ ಇದು ಎಷ್ಟೋ ಸಲ ಫಲಿಸುತ್ತದೆ. ಪೂರ್ವಜನ್ಮದ ಕರ್ಮ, ಅಂದರೆ ಬಾಕಿ ಬಿಲ್ಲು, ಮಾತ್ರ ಹಿಂಬಾಲಿಸುತ್ತದೆ.

ಕೊನೆಯ ಅಂಗ ಸಂಗತಿ, ಮುಂದಿನ ಅಧಿಕರಣದೊಡನೆ ಇದಕ್ಕಿರುವ ನಂಟು. ಎರಡು ಡಬ್ಬಗಳೂ ಉಣ್ಣುವುದು ಮನೆಯ ಕರೆಂಟನ್ನು. ಗಾಳಿಗೆ ಮರ ಬಿದ್ದು ಲೈನು ಹರಿದರೆ ನಮ್ಮಲ್ಲಿ ಇನ್ವರ್ಟರ್ ಇದ್ದೀತು. ಅತ್ತ ಟವರಿನ ಬ್ಯಾಟರಿ ಮುಗಿದು ಡೀಸೆಲ್ ಬಾರದಿದ್ದರೆ ಸಿದ್ಧಾಂತಕ್ಕೂ ಪೂರ್ವಪಕ್ಷಕ್ಕೂ ಭೇದವಿಲ್ಲ. ಆದಕಾರಣ ಮುಂದಿನದು ವಿದ್ಯುದಧಿಕರಣ. ಅದರ ಭಾಷ್ಯಕಾರರಾದ ಲೈನ್‌ಮನ್ನರು ಸದ್ಯ ಕಂಬದ ಮೇಲಿದ್ದಾರೆ. ಇಳಿದ ಮೇಲೆ ಪ್ರಾರಂಭಿಸಲಾಗುವುದು.